ಮದ್ದಿನ ಮನೆಯ ಏಳು ಶನಿವಾರ

ಹೆಣ್ಣುಮಕ್ಕಳ ಹಾಸ್ಟೆಲ್, ಕೋಣೆ ಹದಿನೇಳು
ಶನಿವಾರ, ತಾರೀಖು ಹದಿನಾಲ್ಕು, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಅಜ್ಜೀ,

ಸೊಂಟ ಹೇಗಿದೆ? ಕೋಲು ಹಿಡಿದು ಬಾಗಿಲ ತನಕ ನಡೆದೆ ಎಂದು ಚಿಕ್ಕಮ್ಮ ಹೇಳಿದಳು. ಡಾಕ್ಟರು ಹೇಳಿದ್ದಕ್ಕೆ ನಡೆದಳೋ, ಬಾಗಿಲಾಚೆ ಯಾವುದಾದರೂ ಹಕ್ಕಿ ಕಂಡಿತೋ ಎಂದು ಕೇಳಿದೆ. ಅವಳು ನಗಲಿಲ್ಲ. ನೀನು ಸಂಜೆಯ ಮಾತ್ರೆಗಳನ್ನು ಹೂಕುಂಡದ ಮಣ್ಣಿನಲ್ಲಿ ಹೂಳುತ್ತಿದ್ದೀಯಂತೆ. ಅವು ಮೊಳೆಯುವುದಿಲ್ಲ ಅಜ್ಜೀ. ನಾನು ಸೈನ್ಸ್ ಓದುತ್ತಿದ್ದೇನೆ, ಇಷ್ಟಾದರೂ ನನ್ನ ಮಾತು ಕೇಳು, ನುಂಗು. ರಾತ್ರಿ ನಿದ್ದೆ ಬರುತ್ತಿದೆಯಾ? ಅಲ್ಲಿಯ ದಿಂಬು ಎತ್ತರ ಎಂದಿದ್ದೆಯಲ್ಲ, ಬದಲಾಯಿಸಿದರಾ?

ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ನಲವತ್ತು ವರ್ಷ ಅಚ್ಚಿನ ಯಂತ್ರದ ಪಕ್ಕ ನಿಂತು ಅಕ್ಷರದ ಮೊಳೆ ಜೋಡಿಸಿದ ನಿನ್ನ ಕಿವಿಗೆ ಫೋನು ಕೇಳಿಸುವುದಿಲ್ಲ. ನಾನು ಹೇಳಿದ್ದನ್ನು ಚಿಕ್ಕಮ್ಮ ನಿನ್ನ ಮುಖದ ಮುಂದೆ ನಿಂತು ಕೂಗಬೇಕು. ಇವತ್ತು ಹೇಳಬೇಕಾದದ್ದು ಕೂಗಿ ಹೇಳುವಂಥದ್ದಲ್ಲ. ಅದಕ್ಕೇ ಕಾಗದ. ಕೆಂಪು ಪೆನ್ಸಿಲ್ ಪಕ್ಕದಲ್ಲಿಟ್ಟುಕೊಂಡೇ ಓದುತ್ತೀಯ, ಗೊತ್ತು. ಐದನೇ ಕ್ಲಾಸಿನಲ್ಲಿ ನನ್ನನ್ನು ಬೇರೆ ಊರಿನ ಹಾಸ್ಟೆಲ್ಲಿಗೆ ಹಾಕಿದಾಗಿನಿಂದ ನಾನು ಬರೆದ ಒಂದೊಂದು ಕಾಗದವನ್ನೂ ಪ್ರೂಫ್ ತಿದ್ದಿದ ಹಾಗೆ ತಿದ್ದಿ ವಾಪಸ್ ಕಳಿಸಿದವಳು ನೀನು. "ನಿನ್ನ ಕನ್ನಡ ಮೆಸ್ಸಿನ ಚಹಾ ಇದ್ದ ಹಾಗಿದೆ, ನೀರೇ ಜಾಸ್ತಿ" ಎಂದು ಅಂಚಿನಲ್ಲಿ ಬರೆದಿದ್ದೆ. ಗೆಳತಿಯರಿಗೆಲ್ಲ ಮನೆಯಿಂದ ಡಬ್ಬಿಗಟ್ಟಲೆ ತಿಂಡಿ ಬಂದರೆ ನನಗೆ ನನ್ನದೇ ತಪ್ಪುಗಳು ಪಾರ್ಸೆಲ್ ಬರುತ್ತಿದ್ದವು. ಆಗ ಅಳು ಬರುತ್ತಿತ್ತು. ಈಗ ಆ ಕಾಗದಗಳೆಲ್ಲ ನನ್ನ ಟ್ರಂಕಿನ ತಳದಲ್ಲಿವೆ.

ಕಾಲೇಜಿನ ಸುದ್ದಿ ಮೊದಲು ಮುಗಿಸುತ್ತೇನೆ. ಕೆಮಿಸ್ಟ್ರಿಯ ಮೊದಲ ಟೆಸ್ಟಿನಲ್ಲಿ ಮೂವತ್ತಕ್ಕೆ ಒಂಬತ್ತು. ಇದನ್ನು ಅಮ್ಮನಿಗೂ ಹೇಳಿಲ್ಲ. ಪ್ರಾಕ್ಟಿಕಲ್ಲಿನಲ್ಲಿ ಕೈ ತಪ್ಪಿ, ಒಂದು ಹನಿ ಬೀಳಬೇಕಾದಲ್ಲಿ ಹತ್ತು ಹನಿ ಬಿದ್ದು, ಗುಲಾಬಿ ಆಗಬೇಕಾದ ನೀರು ಕಡುಗೆಂಪಾಯಿತು. "ಏನಮ್ಮಾ, ಹೋಳಿಯಾಡ್ತಿದೀಯಾ" ಎಂದು ಕೇಳುವ ಬದಲು ಮೇಷ್ಟರು ಸುಮ್ಮನೆ ಕನ್ನಡಕ ತೆಗೆದು ಒರೆಸಿಕೊಂಡರು, ಅದೇ ಹೆಚ್ಚು ನೋವಾಯಿತು. ಕೋಣೆಯಲ್ಲಿ ನನ್ನ ಜತೆಗಿರುವವಳು ನಿದ್ದೆಯಲ್ಲೂ ಫಾರ್ಮುಲಾ ಹೇಳುತ್ತಾಳೆ, ಎಲ್ಲರೂ ಅವಳನ್ನು ಟಾಪರ್ ಎಂದೇ ಕರೆಯುವುದು. ಅವಳ ಉಸಿರು ಕೇಳಿದರೂ ನನಗೆ ಟೆನ್ಷನ್. ನೋಡು, ಮತ್ತೆ ಸುತ್ತುತ್ತಿದ್ದೇನೆ. "ಅಲ್ಪವಿರಾಮ ಹಾಕ್ಕೊಂಡು ಹಾಕ್ಕೊಂಡು ಊರೆಲ್ಲ ಸುತ್ತಬೇಡ, ವಿಷಯಕ್ಕೆ ಬಾ" ಎಂದು ನೀನು ಬೈಯುವುದು ಇಲ್ಲಿಗೇ ಕೇಳಿಸುತ್ತಿದೆ. ಚಿಕ್ಕವಳಿದ್ದಾಗ ಅತ್ತು, ಒಂದು ಕ್ಷಣ ನಿಲ್ಲಿಸಿ, ಮತ್ತೆ ಅಳುತ್ತಿದ್ದೆನೆಂದು ನೀನು ನನಗೆ ಇಟ್ಟ ಹೆಸರೇ ಅಲ್ಪವಿರಾಮ. ಆ ಹೆಸರಿಗೆ ತಕ್ಕ ಹಾಗೆಯೇ ಇದ್ದೇನೆ.

ಅಜ್ಜೀ, ಮದ್ದಿನ ಮನೆಯ ವಿಷಯ.

ಅಲ್ಲಿಗೆ ನೀನು ನನ್ನನ್ನು ಮೊದಲ ಸಲ ಕರೆದುಕೊಂಡು ಹೋದಾಗ ನನಗೆ ಒಂಬತ್ತು ವರ್ಷ. ಪಾಳು ಕೋಟೆಯ ಒಳಗೆ, ಹಿಂದೆ ಫಿರಂಗಿಗೆ ಮದ್ದು ಇಡುತ್ತಿದ್ದ ಆ ಗುಂಡುಬೆನ್ನಿನ ಕಟ್ಟಡ ನನಗೆ ಮಲಗಿದ ಆಮೆಯ ಹಾಗೆ ಕಂಡಿತ್ತು. ಬಾಗಿಲಿಗೆ ನೀನು ಹುಟ್ಟುವ ಮೊದಲೇ ಕಲ್ಲು ಕಟ್ಟಿ ಮುಚ್ಚಿದ್ದರು. ಪಶ್ಚಿಮದ ಗೋಡೆಯಲ್ಲಿ ಎರಡಾಳೆತ್ತರದಲ್ಲಿ ಒಂದು ಗೇಣಗಲದ ಸಂದು, ಅಷ್ಟೇ. ಕಲ್ಲುಕುಟಿಗರು ಕೂಲಿ ಲೆಕ್ಕಕ್ಕೆ ಕೊರೆದ ಗುರುತುಗಳನ್ನು, ಮೀನು, ಬಾಚಣಿಗೆ, ಮೂರು ಗೆರೆ, ಎಣ್ಣೆಕಾಗದ ಒತ್ತಿ ನನ್ನ ಕೈಯಿಂದ ಪಡಿಯಚ್ಚು ತೆಗೆಸಿದೆ. ಹಾವು ಕಳಚಿದ ಪೊರೆಯನ್ನು ನಿನ್ನ ಪ್ರೆಸ್ಸಿನ ಸ್ಕೇಲಿನಿಂದ ಅಳೆಸಿದೆ. ಹೊತ್ತು ಮುಳುಗುವಾಗ ಆ ಸಂದಿನಿಂದ ಬಾವಲಿಗಳು ಹೊರಟವು, ಒಂದೊಂದೂ ನನ್ನ ಹೆಬ್ಬೆರಳಿನಷ್ಟು, ಯಾರೋ ಒಳಗಿನಿಂದ ಹುರಿದ ಕಾಳು ತೂರುತ್ತಿದ್ದಾರೆ ಎಂಬ ಹಾಗೆ. ಗೋಡೆಯ ಬುಡದಲ್ಲಿ ನೀರು ಹೋಗಲು ಬಿಟ್ಟ ಜಾಲರಿ ಹಾಕಿದ ತೂತು ಇದೆಯಲ್ಲ, ಅಲ್ಲಿ ನನ್ನನ್ನು ಮಲಗಿಸಿ, "ನನ್ನ ಕಿವಿ ಸತ್ತಿದೆ ಕಣೇ, ನೀನು ಕೇಳಿ ಹೇಳು" ಅಂದೆ. ನಾನು ಕೇಳಿದೆ. ಸಣ್ಣ ಬೀಗದಕೈ ಗೊಂಚಲನ್ನು ಯಾರೋ ದೂರದಲ್ಲಿ ಮೆಲ್ಲಗೆ ಅಲುಗಿಸಿದ ಹಾಗಿತ್ತು. ಹೇಳಿದೆ. ನೀನು ಆ ಮಾತನ್ನು ಹಾಗೇ ಪುಸ್ತಕದಲ್ಲಿ ಬರೆದುಕೊಂಡೆ. ನನ್ನ ಮಾತನ್ನು ದೊಡ್ಡವರೊಬ್ಬರು ಬರೆದುಕೊಂಡದ್ದು ಅದೇ ಮೊದಲು.

ಹತ್ತೊಂಬತ್ತು ವರ್ಷ, ಪ್ರತಿ ಶನಿವಾರ, ಹೊರಟ ಬಾವಲಿಗಳ ಲೆಕ್ಕ ಒಂದು ಸಾಲು. ಸೊಂಟ ಮುರಿದು ಚಿಕ್ಕಮ್ಮನ ಊರಿಗೆ ಹೊರಟಾಗ ಆ ಪುಸ್ತಕ, ಒತ್ತಿದಷ್ಟೂ ಅಂಕಿ ಏರುವ ಎಣಿಸುವ ಗುಂಡಿ, ಕೆಂಪು ಕಾಗದ ಸುತ್ತಿದ ಟಾರ್ಚು ಮೂರನ್ನೂ ನನ್ನ ಮಡಿಲಿಗೆ ಹಾಕಿದೆ. ಆಂಬುಲೆನ್ಸಿನಲ್ಲಿ ಮಲಗಿಕೊಂಡೇ ಪಾಠ. ಪೆನ್ಸಿಲ್ಲಿನಲ್ಲಿ ಬರೆ, ಮಳೆ ಬಿದ್ದರೂ ಹರಡುವುದಿಲ್ಲ. ರಬ್ಬರ್ ಮುಟ್ಟಬೇಡ. ತಪ್ಪಾದರೆ ಮೇಲೆ ಒಂದೇ ಒಂದು ಗೆರೆ ಎಳೆ, ಕೆಳಗಿನ ತಪ್ಪು ಓದಲಿಕ್ಕೆ ಬರಬೇಕು. ಹೋಗಲಾಗದಿದ್ದರೆ ಸಾಲು ಖಾಲಿ ಬಿಡು. "ಅಜ್ಜ ಸತ್ತ ಶನಿವಾರ ನಾನೂ ಖಾಲಿ ಬಿಟ್ಟಿದೀನಿ. ಖಾಲಿ ಬಿಟ್ಟರೆ ಯಾರಿಗೂ ಮೋಸ ಇಲ್ಲ" ಅಂದೆ. ಇನ್ನೊಂದು ಮಾತೂ ಹೇಳಿದೆ, ಅದು ಈಗ ಹಗಲೂ ರಾತ್ರಿ ಕಿವಿಯಲ್ಲಿ ಕೊರೆಯುತ್ತಿದೆ. "ಈ ವರ್ಷ ಮಳೆ ತಡ. ಅವೂ ಮರಿ ಹಾಕೋದು ತಡ ಮಾಡಬಹುದು. ನೋಡ್ತಿರು."

ಐದು ಶನಿವಾರ ಹೋದೆ ಅಜ್ಜೀ. ಆ ಐದೂ ಸಾಲು ನಿಜ. ಐದನೆಯದು ನೂರ ಐವತ್ತೆರಡು. ಆರನೇ ವಾರ ಆ ಒಂಬತ್ತು ಮಾರ್ಕು ಬಂತು. ಶನಿವಾರ ಸಂಜೆ ಬಾಗಿಲು ಹಾಕಿಕೊಂಡು ಓದುತ್ತೇನೆಂದು ಕುಳಿತೆ, ಓದಲಿಲ್ಲ, ಗೋಡೆ ನೋಡಿದೆ. ಹೊತ್ತು ಮುಳುಗಿಹೋಯಿತು. ಮರುದಿನ ಪುಸ್ತಕ ತೆರೆದರೆ, ಅಜ್ಜ ಸತ್ತಾಗಲೂ ನೀನು ಬಿಟ್ಟದ್ದು ಒಂದೇ ಒಂದು ಸಾಲು, ನಾನು ಬರೀ ಒಂದು ಟೆಸ್ಟಿಗೆ ಬಿಡುವುದೇ ಎಂದು ನಾಚಿಕೆಯಾಯಿತು. ಹೋದ ವರ್ಷದ ಅದೇ ವಾರಕ್ಕೆ ನೂರ ನಲವತ್ತೆಂಟು ಎಂದಿತ್ತು. ನೂರ ನಲವತ್ತಾರು ಎಂದು ಬರೆದೆ. ಎರಡು ಕಡಿಮೆ ಮಾಡಿದ್ದು ಕಾಪಿ ಹೊಡೆದಂತೆ ಕಾಣಬಾರದೆಂದು. ಮುಂದಿನ ವಾರದಿಂದ ಅದೇ ಅಭ್ಯಾಸವಾಯಿತು. ಹೋದ ವರ್ಷದ್ದು ನೋಡುವುದು, ಒಂದೆರಡು ಅಡ್ಜಸ್ಟ್ ಮಾಡುವುದು, ಪಕ್ಕದಲ್ಲಿ "ಗಾಳಿ ಕಡಿಮೆ" ಎಂದು ಸೇರಿಸುವುದು. ಏಳು ಶನಿವಾರ. ಮರಿಗಳು ಹಾರಲು ಕಲಿತ ಮೇಲೆ ಅವು ಒಂದೂವರೆ ತಿಂಗಳು ಎಲ್ಲಿಗೋ ಹೋಗುತ್ತವೆ ಎಂದು ನೀನೇ ಕಂಡುಹಿಡಿದದ್ದಲ್ಲವೇ? ಅದರ ಪ್ರಕಾರ ಕೊನೆಯ ಎರಡು ವಾರ ಸೊನ್ನೆ, ಸೊನ್ನೆ ಎಂದು ಬರೆದೆ. ಸೊನ್ನೆಯನ್ನಂತೂ ಅಡ್ಜಸ್ಟ್ ಮಾಡುವ ಕಷ್ಟವೂ ಇರಲಿಲ್ಲ.

ಬೈ, ಈಗಲೇ ಬೈ, ಆಮೇಲೆ ಮುಂದಕ್ಕೆ ಓದು. ಇನ್ನೂ ಕೆಟ್ಟದ್ದು ಇದೆ.

ಮಂಗಳವಾರ ಹಳೇ ಕಟ್ಟಡಗಳ ಕಚೇರಿಯ ಇಂಜಿನಿಯರು ಹಾಸ್ಟೆಲ್ಲಿಗೆ ಬಂದರು. ಮದ್ದಿನ ಮನೆಯ ಚಾವಣಿ ಸೋರುತ್ತಿದೆ, ಸುಣ್ಣದ ಗಾರೆ ಹಾಕಬೇಕು, ಅದು ಗಟ್ಟಿಯಾಗುವ ತನಕ ಆರು ವಾರ ಸಂದು ಮುಚ್ಚಬೇಕು, ಬಾವಲಿ ಹೊರಗೆ ಹೋಗಿರುವಾಗಲೇ ಮಾಡಬೇಕು ಎಂಬ ಒಪ್ಪಂದ ನೀನು ಮಾಡಿಸಿದ್ದೇ ಅಂತೆ. ನನಗೆ ಅದು ಗೊತ್ತೇ ಇರಲಿಲ್ಲ. ವಿಸಿಟರ್ಸ್ ರೂಮಿನಲ್ಲಿ ಕುಳಿತು ನಿನ್ನ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. "ನಮ್ಮ ಆಫೀಸಿನಲ್ಲಿ ಇಷ್ಟು ಚೊಕ್ಕ ರೆಕಾರ್ಡ್ ಒಂದೂ ಇಲ್ಲಮ್ಮಾ" ಅಂದರು. ಸೊನ್ನೆ, ಸೊನ್ನೆ ಎಂಬುದನ್ನು ತಮ್ಮ ಫೈಲಿಗೆ ಇಳಿಸಿಕೊಂಡರು. ಆಗಲೇ ಬಾಯಿ ಬಿಡಬೇಕಿತ್ತು. "ಚಹಾ ತರಲಾ ಸಾರ್" ಎಂದು ಕೇಳಿದೆ. ಬುಧವಾರ ಮಧ್ಯಾಹ್ನ ಮೇಸ್ತ್ರಿ ಏಣಿ ಹಾಕಿ ಸಂದಿಗೆ ಇಟ್ಟಿಗೆ ಇಟ್ಟು ಮುಚ್ಚಿದರು.

ಗುರುವಾರ ಸಂಜೆ ಮನಸ್ಸು ತಡೆಯಲಿಲ್ಲ, ಹೋದೆ. ಹೊಸ ಇಟ್ಟಿಗೆ ಗೋಡೆಯ ಮೈಮೇಲೆ ಬ್ಯಾಂಡೇಜಿನ ಹಾಗಿತ್ತು. ಹುಲ್ಲಿನ ಮೇಲೆ ಮಲಗಿ ಬುಡದ ತೂತಿಗೆ ಕಿವಿ ಇಟ್ಟೆ. ಬೀಗದಕೈ ಗೊಂಚಲು. ಆದರೆ ದೂರದಲ್ಲಿ ಅಲ್ಲ, ಹತ್ತಿರ, ತೂತಿನ ಬಾಯಲ್ಲೇ, ಮತ್ತೆ ಮೆಲ್ಲಗಲ್ಲ. ಗಾಳಿ ಬರುವುದು ಅಲ್ಲಿಂದ ಮಾತ್ರ ಅಲ್ಲವೇ, ಎಲ್ಲ ಕೆಳಗಿಳಿದು ಅಲ್ಲೇ ಮುತ್ತಿಕೊಂಡಿವೆ. ಟಾರ್ಚು ಬಿಟ್ಟೆ. ಜಾಲರಿಯ ಆಚೆ ಒಂದು ಮೂತಿ, ಅದರ ಎದೆಗೆ ಅಂಟಿಕೊಂಡ ಇನ್ನೊಂದು ಸಣ್ಣ ಮೂತಿ, ಇನ್ನೂ ಕೂದಲು ಬಂದಿರಲಿಲ್ಲ. ನೀನು ಹೇಳಿದ ಹಾಗೇ ತಡವಾಗಿದೆ ಅಜ್ಜೀ. ಜಾಲರಿ ಕೀಳಲು ನೋಡಿದೆ, ಕಲ್ಲಿನೊಳಗೆ ಸೀಸ ಹುಯ್ದು ಕೂರಿಸಿದ್ದಾರೆ, ಉಗುರು ಕಿತ್ತುಬಂತೇ ಹೊರತು ಅದು ಅಲ್ಲಾಡಲಿಲ್ಲ. ನೀರಿನ ಬಾಟಲಿ ಬಗ್ಗಿಸಿದೆ. ಎಷ್ಟು ಒಳಗೆ ಹೋಯಿತೋ, ಎಷ್ಟು ನನ್ನ ತೋಳಿನ ಮೇಲೇ ಹರಿಯಿತೋ.

ನಿನ್ನೆ ಶುಕ್ರವಾರ ಕ್ಲಾಸು ಬಿಟ್ಟು ಕಚೇರಿಗೆ ಓಡಿದೆ. "ಸಾರ್, ಒಳಗೆ ಬಾವಲಿ ಇವೆ, ಮರಿಗಳೂ ಇವೆ" ಅಂದೆ. ಇಂಜಿನಿಯರು ಕುರ್ಚಿ ಎಳೆದು ಕೂರಿಸಿದರು, ಒಳ್ಳೆಯವರು. "ಇಲಿ ಇರಬೇಕಮ್ಮಾ. ಪುಸ್ತಕದಲ್ಲಿ ಎರಡು ವಾರದಿಂದ ಸೊನ್ನೆ ಇದೆ. ಹತ್ತೊಂಬತ್ತು ವರ್ಷ ತಪ್ಪದ ಪುಸ್ತಕ. ನಾನು ನಿನ್ನ ಕಿವಿ ನಂಬಲೋ, ನಿಮ್ಮಜ್ಜಿ ಪುಸ್ತಕ ನಂಬಲೋ?" ಅಂದರು. ಕಣ್ಣಾರೆ ಕಂಡೆ ಸಾರ್ ಎಂದರೆ, "ಟಾರ್ಚಿನ ಬೆಳಕಲ್ಲಿ ಇಲಿಯೂ ಬಾವಲಿಯೇ" ಎಂದು ನಕ್ಕರು. ಹಸಿ ಗಾರೆ, ಈಗ ಕಿತ್ತರೆ ಮಾಡಿದ್ದೆಲ್ಲ ನೀರಲ್ಲಿ ಹೋಮ, ಮೇಲಿನವರಿಗೆ ಏನು ಕಾರಣ ಬರೆಯಲಿ ಎಂದರು. ಆಮೇಲೆ ನನ್ನ ಸಮಾಧಾನಕ್ಕೆಂದೇ ಹೇಳಿದರು: "ಮುಂದಿನ ತಿಂಗಳ ಮೀಟಿಂಗಿನಲ್ಲಿ ಇದೇ ಪುಸ್ತಕ ಇಟ್ಟು ವಾದ ಮಾಡ್ತೀನಿ. ಪಂಪ್‌ಹೌಸ್ ಕಟ್ಟೋರು ಆ ಜಾಗ ಕೇಳ್ತಿದಾರೆ, ಗೊತ್ತಲ್ಲ? ಅದು ಬಾವಲಿಗಳ ನೆಲೆ ಅಂತ ತೋರಿಸೋ ಈ ಪುಸ್ತಕ ಒಂದಿಲ್ಲದಿದ್ದರೆ ಮದ್ದಿನ ಮನೆ ಎಂದೋ ಜಲ್ಲಿಕಲ್ಲಾಗ್ತಿತ್ತು."

ಈಗ ನನ್ನ ಸ್ಥಿತಿ ನೋಡು. ಬಾಯಲ್ಲಿ ಬಿಸಿ ತುಪ್ಪ. ಪುಸ್ತಕ ಸುಳ್ಳು ಎಂದರೆ ಇವತ್ತು ಇಟ್ಟಿಗೆ ಬಿಚ್ಚಬಹುದು. ಆದರೆ ಏಳು ಸಾಲು ಸುಳ್ಳಾದ ಪುಸ್ತಕದ ಉಳಿದ ಸಾವಿರ ಸಾಲನ್ನು ಆ ಮೀಟಿಂಗಿನಲ್ಲಿ ಯಾರು ನಂಬುತ್ತಾರೆ? ನಿನ್ನ ಹತ್ತೊಂಬತ್ತು ವರ್ಷ, ಮಳೆಯಲ್ಲಿ ಕೊಡೆ ಹಿಡಿದು, ಜ್ವರದಲ್ಲಿ ಕಂಬಳಿ ಹೊದ್ದು ನಿಂತು ಎಣಿಸಿದ್ದು, ನನ್ನ ಏಳು ಸಾಲಿನಿಂದ ರದ್ದಿ. ಕಟ್ಟಡವೂ ಹೋಗುತ್ತದೆ. ಸುಮ್ಮನಿದ್ದರೆ ಪುಸ್ತಕ ಉಳಿಯುತ್ತದೆ, ಕಟ್ಟಡ ಉಳಿಯುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ, ಒಳಗಿನವು ಸಾಯುತ್ತವೆ. ಹಿಂದೊಮ್ಮೆ ಕೊಂಬೆ ಬಿದ್ದು ಸಂದು ಮುಚ್ಚಿಕೊಂಡಾಗ ನೀನು ಹೇಳಿದ್ದು ನೆನಪಿದೆ: "ಹಾಲು ಕುಡಿಸೋ ತಾಯಿಗೆ ನೀರಿಲ್ಲದೆ ಮೂರು ರಾತ್ರಿ ದಾಟೋದು ಕಷ್ಟ." ಬುಧವಾರ, ಗುರುವಾರ, ಶುಕ್ರವಾರ. ಮೂರೂ ಮುಗಿದವು. ಬೆಳಿಗ್ಗೆ ಐದೂವರೆಗೆ ಹಾಸ್ಟೆಲ್ ಗೇಟು ತೆರೆದ ಕೂಡಲೇ ಓಡಿಹೋಗಿ ಕೇಳಿದೆ. ಸದ್ದು ಇದೆ, ಆದರೆ ನಡುನಡುವೆ ನಿಲ್ಲುತ್ತಿದೆ.

ನಿನ್ನೆ ಸಂಜೆ ಟಾಪರಳ ರಬ್ಬರ್ ಕೈಗೆತ್ತಿಕೊಂಡಿದ್ದೆ ಅಜ್ಜೀ. ಸೊನ್ನೆಗಳನ್ನು ಒರೆಸಿ ಬೇರೆ ಅಂಕಿ ಬರೆದು, ಓದುವಾಗ ತಪ್ಪಾಯಿತು ಸಾರ್ ಎನ್ನಬಹುದಿತ್ತಲ್ಲ. ಮೊದಲ ಸೊನ್ನೆಯ ತುದಿ ಸ್ವಲ್ಪ ಅಳಿಸಿದೆ ಕೂಡ. ಆಗ ಅವರ ಫೈಲಿನಲ್ಲೂ ಅದೇ ಇದೆ ಎಂದು ಹೊಳೆಯಿತು. ಒಳ್ಳೆಯ ಬುದ್ಧಿ ಬಂದು ನಿಲ್ಲಿಸಿದ್ದಲ್ಲ, ಸಿಕ್ಕಿಬೀಳುತ್ತೇನೆಂದು ನಿಲ್ಲಿಸಿದ್ದು. ಇದನ್ನೂ ಬರೆದುಬಿಡುತ್ತೇನೆ, ನಿನ್ನ ಮುಂದೆ ಇನ್ನೇನು ಮುಚ್ಚಿಡುವುದು.

ಏನು ಮಾಡಲಿ ಹೇಳು. ನೀನು ಇಲ್ಲಿದ್ದಿದ್ದರೆ ಕೋಲು ನೆಲಕ್ಕೆ ಕುಟ್ಟಿ ಒಂದು ಮಾತಲ್ಲಿ ಹೇಳುತ್ತಿದ್ದೆ. ಪುಸ್ತಕ ನಿನ್ನದು, ಅದನ್ನು ಹಾಳುಮಾಡುವ ಹಕ್ಕು ನನಗಿಲ್ಲ, ಈಗಾಗಲೇ ಹಾಳು ಮಾಡಿಯೂ ಆಗಿದೆ. ಕಚೇರಿ ಐದಕ್ಕೆ ಮುಚ್ಚುತ್ತದೆ. ನಾಳೆ ಭಾನುವಾರ, ಸೋಮವಾರವೂ ರಜೆ. ಮೆಸ್ಸಿನಲ್ಲಿ ತಟ್ಟೆ ಮುಂದೆ ಕುಳಿತು ಎದ್ದು ಬಂದೆ. ಈ ಕಾಗದವನ್ನು ಕಚೇರಿಯ ಎದುರಿನ ಅಂಚೆ ಡಬ್ಬಿಗೇ ಹಾಕುತ್ತೇನೆ, ಸಂಜೆಯ ಚೀಲಕ್ಕೆ ಸಿಗುತ್ತದೆ.

ಮಾತ್ರೆ ತೆಗೆದುಕೋ. ಚಿಕ್ಕಮ್ಮನಿಗೆ ಇದನ್ನು ಓದಲು ಕೊಡಬೇಡ. ಚಿಕ್ಕಪ್ಪನಿಗೆ ನಮಸ್ಕಾರ ಹೇಳು, ಅವರ ಮಗುವಿನ ಕೆನ್ನೆಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡು. ನಿನ್ನ ಕಾಲು ಹಿಡಿದುಕೊಂಡಿದ್ದೇನೆ ಅಂದುಕೋ, ಸೊಂಟಕ್ಕೆ ನೋವಾಗದ ಹಾಗೆ.

ನಿನ್ನ
ಅಲ್ಪವಿರಾಮ

ತಾ. ಕ. — ರಾತ್ರಿ ಎಂಟು ಗಂಟೆ. ಕಾಗದ ಡಬ್ಬಿಗೆ ಹಾಕಲಿಲ್ಲ. ಡಬ್ಬಿಯ ಬಾಯಿಗೆ ಇಟ್ಟು ಹಾಗೇ ಹಿಡಿದು ನಿಂತೆ. ನಿನಗೆ ತಲುಪಲು ಮೂರು ದಿನ, ನಿನ್ನ ಉತ್ತರಕ್ಕೆ ಮೂರು ದಿನ. ನಿನ್ನನ್ನು ಕೇಳುತ್ತಿದ್ದೇನೆ ಎಂದು ನಟಿಸುತ್ತಾ ಅವುಗಳನ್ನು ಸಾಯಲು ಬಿಡುತ್ತಿದ್ದೇನೆ ಎಂದು ಗೊತ್ತಾಯಿತು. ರಸ್ತೆ ದಾಟಿ ಒಳಗೆ ಹೋದೆ. ಪುಸ್ತಕ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ, ಅಳುತ್ತಲೇ, ನಡುನಡುವೆ ನಿಲ್ಲಿಸಿ. ಇಂಜಿನಿಯರು ಬೈಯಲಿಲ್ಲ. ಪುಸ್ತಕ ತಮ್ಮ ಕಡೆ ತಿರುಗಿಸಿಕೊಂಡು "ಯಾವ್ಯಾವ ಸಾಲು?" ಅಂದರು. ಅವರ ಸ್ಕೇಲಿನಲ್ಲೇ ಏಳೂ ಸಾಲಿನ ಮೇಲೆ ಒಂದೊಂದು ಗೆರೆ ಎಳೆದೆ, ಕೆಳಗಿನದು ಓದಲು ಬರುವ ಹಾಗೆ. ಪಕ್ಕದಲ್ಲಿ ಏಳು ಸಲ "ಹೋಗಲಿಲ್ಲ" ಎಂದು ಬರೆದು ಏಳು ಸಲ ಸಹಿ ಮಾಡಿದೆ. ರಬ್ಬರ್ ತಾಗಿದ ಸೊನ್ನೆಯನ್ನೂ ತೋರಿಸಿದೆ. ಮೇಸ್ತ್ರಿಯನ್ನು ಮನೆಯಿಂದ ಕರೆಸಿದರು. "ಮೊನ್ನೆ ಕಟ್ಟಿದ್ದನ್ನ ಇವತ್ತು ಬಿಚ್ಚೋಕೆ ನಾನೇನು ಸ್ವೆಟರ್ ಹೆಣೀತಿದೀನಾ ಸ್ವಾಮಿ" ಎಂದು ಗೊಣಗಿಕೊಂಡೇ ಏಣಿ ಹತ್ತಿದವರು, ಮೂರನೇ ಇಟ್ಟಿಗೆ ತೆಗೆದು ಒಳಗಿನ ವಾಸನೆ ಬಂದದ್ದೇ ಉಳಿದದ್ದನ್ನು ಬರಿಗೈಯಲ್ಲೇ ಕಿತ್ತರು. ಇಂಜಿನಿಯರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಎಷ್ಟೋ ಹೊತ್ತು ಏನೂ ಬರಲಿಲ್ಲ. ಆಮೇಲೆ ಒಂದು ಬಂತು.

ಮೀಟಿಂಗಿಗೆ ಪುಸ್ತಕ ಇಡುತ್ತಾರಂತೆ, ಗೆರೆಗಳ ಸಮೇತ. ಜನ ನಂಬುತ್ತಾರೋ ಇಲ್ಲವೋ ಹೇಳಲಾರೆ ಎಂದರು. ಅದಕ್ಕೆ ನಿನ್ನಿಂದ ಒಂದು ಮಾತು ಬೇಕಂತೆ, ನಿನ್ನ ಕೈಬರಹದಲ್ಲಿ: ಇನ್ನು ಮೇಲೆ ಎಣಿಸುವವರು ಯಾರು? ನಾನಾಗಬಾರದು ಎಂದಾದರೆ ಹಾಗೇ ಬರೆ, ಗುಂಡಿಯನ್ನು ಅವರ ಕೈಗೆ ಕೊಟ್ಟುಬಿಡುತ್ತೇನೆ. ನಿನ್ನ ಕಾಗದ ಬರುವ ತನಕ ಮಾತ್ರ ನಾನೇ ಹೋಗುತ್ತೇನೆ. ಗೇಟಿಗೆ ತಡವಾಗಿ ಬಂದೆ, ವಾರ್ಡನ್ ರಿಜಿಸ್ಟರಿನಲ್ಲಿ ಹಾಗೇ ಬರೆದುಕೊಂಡರು.

ಇವತ್ತಿನ ಸಾಲು ನಿನಗೂ ಇಳಿಸಿ ಕಳಿಸುತ್ತಿದ್ದೇನೆ. ಶನಿವಾರ. ಮೋಡವಿಲ್ಲ. ಆರು ನಲವತ್ತೊಂದರಿಂದ ಏಳು ಇಪ್ಪತ್ತರ ತನಕ. ಮರಿ ಎದೆಗಪ್ಪಿಕೊಂಡು ಹೊರಟವು ಕೆಲವು, ಎಷ್ಟೆಂದು ಆ ಬೆಳಕಿನಲ್ಲಿ ಕಾಣಲಿಲ್ಲ. ಒಳಗೆ ಉಳಿದವು ಎಷ್ಟು ಎಂಬುದು ಗೊತ್ತಿಲ್ಲ, ಆ ಜಾಗ ಖಾಲಿ ಬಿಟ್ಟಿದ್ದೇನೆ. ಹೊರಗೆ ಬಂದದ್ದು ಅರವತ್ತೊಂದು. ನಾನೇ ನೋಡಿದ್ದು.